ನಾವು ಕಾಣದೆ ಹೋದ ಗ್ರಹಣ



ಹಿಂದಿನ ಸಂಚಿಕೆಗಳಲ್ಲಿ ಚಂದ್ರಯಾನವನ್ನೂ ಮಂಗಳಯಾನವನ್ನೂ ಕುರಿತು ಬರೆದಿದ್ದೆವು. ಈ ತಿಂಗಳು ಸೂರ್ಯನ ಸರದಿ. ಆದರೆ ಸೂರ್ಯನ ಕಡೆಗೆ ಹೊರಡುವ ಮುನ್ನ ಜಯನಗರದ ಒಂದು ಮನೆಯ ಮಹಡಿ ಮೆಟ್ಟಿಲ ಬಳಿ ನಿಮ್ಮನ್ನು ಕೊಂಚ ನಿಲ್ಲಿಸಬೇಕಾಗಿದೆ.

2025ರ ಸೆಪ್ಟೆಂಬರ್ 7, ಭಾನುವಾರ. ಅಂದು ರಾತ್ರಿ ಸಂಪೂರ್ಣ ಚಂದ್ರಗ್ರಹಣ. ನಮ್ಮ ಆಪ್ತರ ಮನೆಯಲ್ಲಿ ನಾವು ಅತಿಥಿಗಳಾಗಿದ್ದೆವು. ಏಳು ಗಂಟೆಗೆಲ್ಲ ಊಟ ಮುಗಿದು ಪಾತ್ರೆಗಳು ಬರಿದಾದವು. ಕುಡಿಯುವ ನೀರಿನ ಕೊಡದ ಮೇಲೆ ದರ್ಭೆಯ ಎಳೆ ಬಿದ್ದಿತು. ಕಿಟಕಿಗಳಿಗೆ ಪರದೆ ಎಳೆಯಲಾಯಿತು. ಎಂಟನೆಯ ತರಗತಿಯಲ್ಲಿ ಓದುವ ಆ ಮನೆಯ ಮೊಮ್ಮಗಳು ಮೆಟ್ಟಿಲ ಬುಡದಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಳು.

"ತಾತ, ಗ್ರಹಣ ನೋಡಿ ಬರ್ಕೊಂಡು ಬನ್ನಿ ಅಂತ ಸ್ಕೂಲಲ್ಲಿ ಹೇಳಿದ್ದಾರೆ. ಅಜ್ಜಿ ಮೇಲೆ ಹೋಗ್ಬೇಡ ಅಂತಾರೆ. ನೀವೇ ಹೇಳಿ" ಎಂದಳು.

ಅಜ್ಜಿಯೂ ಬಿಡಲಿಲ್ಲ. "ಹೌದು, ಶಾಸ್ತ್ರಿಗಳೇ ಹೇಳಲಿ. ಓದಿದವರು ಅವರು" ಎಂದರು. ತಮ್ಮ ಪಕ್ಷಕ್ಕೆ ಸಾಕ್ಷಿ ದೊರಕಿತೆಂಬ ನಿಶ್ಚಿಂತೆ ಅವರ ದನಿಯಲ್ಲಿತ್ತು. ಮಠದಲ್ಲಿ ಓದಿದವರು ಗ್ರಹಣದ ರಾತ್ರಿ ಬೇರೇನು ಹೇಳಿಯಾರು?

ನಾವು ಕೂಡಲೆ ಉತ್ತರ ಕೊಡಲಿಲ್ಲ. ನಲವತ್ತೈದು ವರ್ಷಗಳ ಹಿಂದಿನ ಒಂದು ಸಂಗತಿಯನ್ನು ಹೇಳಲು ಅಜ್ಜಿಯವರ ಅಪ್ಪಣೆ ಕೇಳಿದೆವು. ಅದನ್ನೇ ನಿಮಗೂ ಹೇಳುತ್ತೇವೆ.

1980ರ ಫೆಬ್ರವರಿ 16, ಶನಿವಾರ. ಮಹಾಶಿವರಾತ್ರಿ ಕಳೆದು ಬಂದ ಮಾಘ ಬಹುಳ ಅಮಾವಾಸ್ಯೆ. ನಮಗಾಗ ಹದಿನೆಂಟು ವರ್ಷ. ಹುಬ್ಬಳ್ಳಿ ಹಾಗೂ ಗದಗದ ನಡುವಣ ಒಂದು ಹಳ್ಳಿಯ ಮಠದಲ್ಲಿ ನಾವು ವಿದ್ಯಾರ್ಥಿಗಳು. ಅಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ-ಅಂಕೋಲೆಗಳ ಕಡಲ ತೀರದಲ್ಲಿ ಕರ್ನಾಟಕವನ್ನು ಮುಟ್ಟಿ, ಹುಬ್ಬಳ್ಳಿಯ ಸೀಮೆಯನ್ನು ಹಾದು ರಾಯಚೂರಿನತ್ತ ಓಡಿತು. ಆ ಪಟ್ಟಿಯೊಳಗೇ ನಮ್ಮ ಮಠವಿದ್ದಿತು. ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಂಗಳಕ್ಕೆ ಇಳಿದಿದ್ದರೆ ಸಾಕಾಗಿತ್ತು.

ನಾವು ಇಳಿಯಲಿಲ್ಲ. ಮಧ್ಯಾಹ್ನದ ಪ್ರಸಾದವಾದೊಡನೆ ನಮ್ಮನ್ನೆಲ್ಲ ಪಾಠಶಾಲೆಯ ಕೋಣೆಯಲ್ಲಿ ಕೂಡಿಸಿ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಹಿರಿಯರಿಗೆ ನಮ್ಮ ಕಣ್ಣುಗಳ ಮೇಲೆ ಕಾಳಜಿಯಿತ್ತು, ಅದರಲ್ಲಿ ಸಂಶಯವಿಲ್ಲ. ಭಯವೂ ಇತ್ತು. ಮೂರೂವರೆ ದಾಟಿದ ಮೇಲೆ ಬಾಗಿಲ ಸಂದಿನಿಂದ ನೆಲದ ಮೇಲೆ ಬಿದ್ದಿದ್ದ ಬಿಸಿಲ ಗೆರೆ ಮಂಕಾಗುತ್ತ ಮಂಕಾಗುತ್ತ ಹೋಗಿ ಇಲ್ಲವಾಯಿತು. ಬೇವಿನ ಮರದ ಹಕ್ಕಿಗಳು ಒಮ್ಮೆಲೆ ಗದ್ದಲವೆಬ್ಬಿಸಿ ಸುಮ್ಮನಾದವು. ಫೆಬ್ರವರಿಯ ಮಧ್ಯಾಹ್ನದಲ್ಲಿ ಮೈಗೆ ತಂಪು ತಗುಲಿತು. ಸುಮಾರು ಎರಡೂವರೆ ನಿಮಿಷ. ಆಮೇಲೆ ಎಲ್ಲಿಯೋ ಒಂದು ಕೋಳಿ ಕೂಗಿತು. ಗೆರೆ ಮತ್ತೆ ನೆಲದ ಮೇಲೆ ಬಂದಿತು. ಅಷ್ಟೇ.

ಒಂದು ಮಾತನ್ನು ಮುಚ್ಚಿಡಬಾರದು. ಆ ಬಾಗಿಲಿನ ಅಗುಳಿ ಒಳಗಿನಿಂದಲೇ ಇದ್ದಿತು. ನಾವು ಅದರಿಂದ ಎರಡು ಮಾರು ದೂರದಲ್ಲಿ ಕುಳಿತಿದ್ದೆವು. ತೆರೆಯಲು ಕೈ ಬರಲಿಲ್ಲ.

ಸಂಜೆ ಮಠದ ದನ ಕಾಯುವ ಮುದುಕ ಹೊಲದಿಂದ ಬಂದ. ದನಗಳನ್ನು ಬಿಟ್ಟು ಬರಲಾಗದೆ ಅವನು ಬಯಲಿನಲ್ಲಿಯೇ ಉಳಿದಿದ್ದ. ಹೆದರಿ ತಲೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದವನು, ಪೂರ್ತಿ ಕತ್ತಲಾದಾಗ ದನ ಎಲ್ಲಿ ಹೋದವೋ ಎಂದು ತಲೆಯೆತ್ತಿದ್ದನಂತೆ. "ಏನ್ ಹೇಳ್ಲಿ ಮರಿದೇವ್ರ, ಸೂರ್ಯಪ್ಪ ಕರ್ರಗಾಗಿ ಬಿಳೀ ಜಡಿ ಬಿಚ್ಚಿ ನಿಂತಿದ್ದ. ನಡುಹಗಲಾಗ ಚಿಕ್ಕಿ ಕಂಡ್ವು" ಎಂದ.

ಅವನು ಕಂಡ ಚಿಕ್ಕಿಗಳಲ್ಲಿ ಒಂದು ಶುಕ್ರಗ್ರಹವಿದ್ದೀತು. ಆ ಬಿಳಿಯ ಜಡೆ ಯಾವುದೆಂದು ನಮಗೆ ತಿಳಿದುದು ಎಷ್ಟೋ ವರ್ಷಗಳ ನಂತರ, ಒಂದು ಪುಸ್ತಕದಲ್ಲಿ ಚಿತ್ರವನ್ನು ಕಂಡಾಗ. ಅದು ಸೂರ್ಯನ ಹೊರ ವಾತಾವರಣ. ಅದರ ಹೆಸರು ಕರೋನಾ. ಲ್ಯಾಟಿನ್ನಿನಲ್ಲಿ ಕಿರೀಟವೆಂದರ್ಥ. ನೀವು ಈ ಶಬ್ದವನ್ನು 2020ರಲ್ಲಿ ಬೇರೆ ಕಾರಣಕ್ಕೆ ಕಲಿತಿರಿ. ಆ ರೋಗಾಣುವಿಗೂ ಸುತ್ತ ಕಿರೀಟದಂತಹ ಮುಳ್ಳುಗಳಿದ್ದುದರಿಂದ ಆ ಹೆಸರು ಬಂದಿತು. ದೇವರ ಮೂರ್ತಿಗಳ ಹಿಂದೆ ಪ್ರಭಾವಳಿ ಇರುವುದಲ್ಲವೆ? ಸೂರ್ಯನಿಗೂ ಹಾಗೆಯೇ ಒಂದು ಪ್ರಭಾವಳಿ ಸದಾ ಇರುತ್ತದೆ. ಆದರೆ ಅದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಮಂದ. ಬಿಂಬವು ಪೂರ್ತಿ ಮರೆಯಾದ ಆ ಎರಡು-ಮೂರು ನಿಮಿಷ ಮಾತ್ರ ಅದು ಬರಿಗಣ್ಣಿಗೆ ಕಾಣುತ್ತದೆ. ಭಾರತದ ನೆಲದ ಮೇಲೆ ಮುಂದಿನ ಸಂಪೂರ್ಣ ಸೂರ್ಯಗ್ರಹಣ 2034ರ ಮಾರ್ಚ್ 20ರಂದು, ಅದೂ ದೂರದ ಕಾಶ್ಮೀರ-ಲಡಾಖಿನ ಕಡೆ. ಆಗ ನಮಗೆ ಎಪ್ಪತ್ತು ದಾಟಿರುತ್ತದೆ. ಅಕ್ಷರ ಬಾರದ ಆ ಮುದುಕ ಕಂಡುದನ್ನು, ವಚನಗಳನ್ನು ಬಾಯಿಪಾಠ ಮಾಡಿದ್ದ ನಾವು ಕಾಣದೆ ಹೋದೆವು.

ನಮಗೆ ಹೆಚ್ಚು ನೋವು ಕೊಡುವುದು ಈ ಕೊನೆಯ ಮಾತೇ. ಹನ್ನೆರಡನೆಯ ಶತಮಾನದ ಶರಣರು ತಿಥಿ, ವಾರ, ನಕ್ಷತ್ರಗಳ ಒಳಿತು-ಕೆಡುಕುಗಳನ್ನು ಒಪ್ಪಿದವರಲ್ಲ. ಜಾತಿ, ಜನನ, ಪ್ರೇತ, ರಜ, ಉಚ್ಛಿಷ್ಟಗಳೆಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ನಮ್ಮ ಧರ್ಮದ ನೆಲೆಗಟ್ಟು. ಆ ಐದರಲ್ಲಿ ಗ್ರಹಣದ ಹೆಸರಿಲ್ಲವಲ್ಲ ಎಂದು ನಮ್ಮೊಡನೆ ವಾದಿಸಿದವರುಂಟು. ಸೂತಕವೆಂಬ ಭಾವವನ್ನೇ ಬೇರುಸಹಿತ ಕಿತ್ತವರು ಆರನೆಯದೊಂದನ್ನು ನಮಗಾಗಿ ಉಳಿಸಿಹೋದರೆನ್ನುವುದು ವಕೀಲರ ಮಾತಾದೀತು, ಶರಣರದಲ್ಲ. ಇಷ್ಟಲಿಂಗವನ್ನು ಕರದಲ್ಲಿ ಹಿಡಿದು ನೋಡುವುದೇ ಪೂಜೆಯೆಂದವರ ಮಕ್ಕಳಿಗೆ, ಆಕಾಶವನ್ನು ನೋಡುವುದು ಮೈಲಿಗೆಯಾದುದು ಹೇಗೆ?

ಹಳೆಯ ಕಾಲದವರೆಲ್ಲರೂ ಗ್ರಹಣಕ್ಕೆ ಹೆದರಿ ಅವಿತವರೇ ಎಂದೂ ತಿಳಿಯಬೇಡಿರಿ. ಕ್ರಿ.ಶ. 499ರಲ್ಲಿ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆರ್ಯಭಟನು ರಚಿಸಿದ ಆರ್ಯಭಟೀಯದಲ್ಲಿ, ಚಂದ್ರನು ಸೂರ್ಯನನ್ನು ಮರೆಮಾಡುವುದರಿಂದ ಸೂರ್ಯಗ್ರಹಣ, ಭೂಮಿಯ ನೆರಳು ಚಂದ್ರನನ್ನು ಕವಿಯುವುದರಿಂದ ಚಂದ್ರಗ್ರಹಣ ಎಂಬ ಲೆಕ್ಕವಿದೆ. ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದರೆ ಗ್ರಹಣದ ನಿಮಿತ್ತ ಕೊಟ್ಟ ಭೂದತ್ತಿಗಳು ಎಷ್ಟೋ ದೊರೆಯುತ್ತವೆ. ಗ್ರಹಣದ ದಿನವನ್ನು ಮೊದಲೇ ಗಣಿಸಿ, ಅಂದು ದಾನ ಕೊಡಲೆಂದು ಕಾದಿದ್ದವರ ಕಲ್ಲುಗಳವು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಬಹುಕಾಲ ದುಡಿದ ಡಾ. ಬಿ. ಎಸ್. ಶೈಲಜಾ ಅವರು ಇಂತಹ ಶಾಸನಗಳಲ್ಲಿನ ಗ್ರಹಣಗಳನ್ನು ಅಧ್ಯಯನ ಮಾಡಿದ್ದಾರೆ. ಗ್ರಹಣದ ಕಾಲವನ್ನು ಇಂದು ನಿಖರವಾಗಿ ಹಿಂದಕ್ಕೆ ಗಣಿಸಬಹುದಾದುದರಿಂದ ಅಂತಹ ಶಾಸನಗಳ ತೇದಿಯನ್ನು ಪರಿಶೀಲಿಸುವುದೂ ಸಾಧ್ಯ.

ಈಗ ಒಂದು ಪ್ರಯೋಗ. ಅಡುಗೆಮನೆಯಿಂದ ಒಂದು ಕಡಲೆಕಾಳನ್ನು ಕೇಳಿ ಪಡೆಯಿರಿ. ಹುಣ್ಣಿಮೆಯ ರಾತ್ರಿ ಮಹಡಿಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಕಾಳನ್ನು ತೋಳುದ್ದಕ್ಕೆ ಹಿಡಿದು ಚಂದ್ರನಿಗೆ ಅಡ್ಡ ತನ್ನಿರಿ. 3,474 ಕಿಲೋಮೀಟರು ವ್ಯಾಸದ ಚಂದ್ರ ಆ ಕಾಳಿನ ಹಿಂದೆ ಅಡಗಿಹೋಗುತ್ತಾನೆ! ಹತ್ತಿರವಿರುವ ಚಿಕ್ಕದು ದೂರವಿರುವ ದೊಡ್ಡದನ್ನು ಮರೆಮಾಡಬಲ್ಲದು. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ದೂರವೂ ಹೆಚ್ಚುಕಡಿಮೆ 400 ಪಟ್ಟು. ಆದುದರಿಂದ ನಮ್ಮ ಕಣ್ಣಿಗೆ ಎರಡೂ ಬಿಂಬಗಳು ಒಂದೇ ಅಳತೆಯವಾಗಿ ತೋರುತ್ತವೆ. ಚಂದ್ರ ಕೊಂಚ ದೂರ ಸರಿದಿದ್ದರೆ ಸೂರ್ಯನನ್ನು ಪೂರ್ತಿ ಮುಚ್ಚಲಾರದೆ ಸುತ್ತ ಬಳೆಯಂತೆ ಬೆಳಕು ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲೂ ಕೊಡಗಿನ ಕುಟ್ಟದಲ್ಲೂ ಜನರು ಕಂಡುದು ಅಂತಹ ಕಂಕಣ ಗ್ರಹಣ. ಬೆಂಗಳೂರಿನಲ್ಲಿ ಅದು ಪಾರ್ಶ್ವಗ್ರಹಣವಾಗಿತ್ತು. ಆ ಬೆಳಿಗ್ಗೆ ಮೋಡ ಸರಿದಾಗಲೆಲ್ಲ ಜಯನಗರದ ಒಂದು ಹೊಂಗೆಯ ಮರದಡಿ ನೂರಾರು ಪುಟ್ಟ ಬೆಳಕಿನ ಕುಡುಗೋಲುಗಳು ಕಾಲುದಾರಿಯ ಮೇಲೆ ಹರಡಿದುದನ್ನು ನಾವು ಕಂಡೆವು. ಎಲೆಗಳ ನಡುವಣ ಒಂದೊಂದು ಕಿಂಡಿಯೂ ಸೂರ್ಯನ ಒಂದೊಂದು ಚಿತ್ರವನ್ನು ಬಿಡಿಸಿತ್ತು. ದಾರಿಹೋಕರು ಅದನ್ನು ತುಳಿದುಕೊಂಡು ಹೋಗುತ್ತಿದ್ದರು.

ಗ್ರಹಣವನ್ನು ನೋಡಿದವರಿಗೆ ಏನು ದೊರೆಯಿತು ಎನ್ನುವುದಕ್ಕೆ ಬಸವಣ್ಣನವರು ಹುಟ್ಟಿದ ನಾಡಿನಲ್ಲೇ ಒಂದು ನಿದರ್ಶನವಿದೆ. 1868ರ ಆಗಸ್ಟ್ 18ರಂದು ವಿಜಾಪುರ-ಜಮಖಂಡಿಗಳ ಮೇಲೆ ಸಂಪೂರ್ಣ ಗ್ರಹಣದ ನೆರಳು ಹಾದುಹೋಯಿತು. ಐದು ನಿಮಿಷಕ್ಕೂ ಮಿಕ್ಕಿದ ಕತ್ತಲು. ಅದನ್ನು ನೋಡಲೆಂದೇ ಜಾನ್ ಹರ್ಷೆಲ್ ಎಂಬ ತರುಣ ಸೇನಾಧಿಕಾರಿ ಜಮಖಂಡಿಗೆ ಬಂದು ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ ಕಾದಿದ್ದ. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ. ಮಳೆಗಾಲದ ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಗಳ ಬೆಳಕು ಬಿಡಿಬಿಡಿಯಾದ ಬಣ್ಣದ ಗೆರೆಗಳಾಗಿ ಒಡೆದುದನ್ನು ಅವನು ಕಂಡ. ಜ್ವಾಲೆಗಳು ಉರಿಯುವ ಅನಿಲದವು ಎಂಬುದು ಅದರಿಂದ ಸಿದ್ಧವಾಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅದನ್ನೇ ಕಂಡು, ಮರುದಿನ ಗ್ರಹಣವಿಲ್ಲದಾಗಲೂ ಆ ಗೆರೆಗಳನ್ನು ಹಿಡಿದ.

ಅಂದು ಭಾರತದಲ್ಲಿ ಕಂಡ ಗೆರೆಗಳಲ್ಲಿ ಹಳದಿಯ ಛಾಯೆಯದೊಂದು. ಮೊದಲಿಗೆ ಅದನ್ನು ಉಪ್ಪಿನಲ್ಲಿರುವ ಸೋಡಿಯಮ್ಮಿನದೆಂದು ಬಗೆದರು. ಅಳೆದು ನೋಡಿದಾಗ ಅದು ಭೂಮಿಯ ಮೇಲೆ ತಿಳಿದಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಖನಿಜವೊಂದರಿಂದ ಹೊರತೆಗೆಯುವವರೆಗೆ ಅದು ಸೂರ್ಯನಲ್ಲಿ ಮಾತ್ರ ಇದ್ದ ವಸ್ತು! ಹುಟ್ಟುಹಬ್ಬದ ಬಲೂನನ್ನು ಮೇಲೆತ್ತುವುದು ಇದೇ. ರಾಕೆಟ್ಟುಗಳ ಇಂಧನದ ತೊಟ್ಟಿಗಳಲ್ಲಿ ಒತ್ತಡ ತುಂಬಲು ಬಳಸುವುದೂ ಇದನ್ನೇ.

ಇನ್ನು 1980ಕ್ಕೆ ಮರಳೋಣ. ನಾವು ಕಂಬಳಿ ಕಟ್ಟಿದ ಕೋಣೆಯಲ್ಲಿದ್ದ ಆ ಗಳಿಗೆಯಲ್ಲಿ, ಅಲ್ಲಿಂದ ಬಹುದೂರವೇನೂ ಇರದ ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿಯೂ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ವಿಜ್ಞಾನಿಗಳು ಬಿಡಾರ ಹೂಡಿ, ದೂರದರ್ಶಕಗಳನ್ನು ನೆಟ್ಟು ಕುಳಿತಿದ್ದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರವರು. ಈ ಸಂಸ್ಥೆಯಿರುವುದು ಕೋರಮಂಗಲದಲ್ಲಿ, ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿ. ಅಲ್ಲಿ ವಾಸಿಸುವ ನಮ್ಮ ಓದುಗರು ದಿನವೂ ಅದರ ಸಮೀಪ ಓಡಾಡುತ್ತಿರಬಹುದು.

ಎರಡೂವರೆ ನಿಮಿಷಕ್ಕಾಗಿ ತಿಂಗಳುಗಟ್ಟಲೆ ಸಿದ್ಧತೆ. ಮೋಡ ಬಂದರೆ ಎಲ್ಲವೂ ವ್ಯರ್ಥ. ಹಾಗಾದರೆ ಗ್ರಹಣವನ್ನು ನಾವೇ ಮಾಡಿಕೊಂಡರೆ? ಫ್ರಾನ್ಸಿನ ಬರ್ನಾರ್ಡ್ ಲಿಯೋ ಎಂಬಾತ 1930ರ ಸುಮಾರಿಗೆ ದೂರದರ್ಶಕದೊಳಗೇ ಒಂದು ಬಿಲ್ಲೆಯನ್ನಿಟ್ಟು ಸೂರ್ಯಬಿಂಬವನ್ನು ಮುಚ್ಚುವ ಯಂತ್ರವನ್ನು ಕಟ್ಟಿದ. ಅದೇ ಕರೋನಾಗ್ರಾಫ್. ಆದರೆ ನಮ್ಮ ವಾಯುಮಂಡಲ ಬೆಳಕನ್ನು ಚೆದುರಿಸಿ ಆಕಾಶವನ್ನೆಲ್ಲ ಬೆಳಗುವುದರಿಂದ ಆ ಮಂದಪ್ರಭೆ ನೆಲದಿಂದ ಚೆನ್ನಾಗಿ ಕಾಣದು. ಗಾಳಿಯಿಲ್ಲದ ಎಡೆಗೆ ಹೋಗಬೇಕು.

ಹೋದುದು 2023ರ ಸೆಪ್ಟೆಂಬರ್ 2ರಂದು. ಚಂದ್ರಯಾನ-3 ಚಂದ್ರನ ಮೇಲೆ ಇಳಿದು ಹತ್ತು ದಿನಗಳಾಗಿದ್ದವು. ಶ್ರೀಹರಿಕೋಟೆಯಿಂದ ಆದಿತ್ಯ-ಎಲ್1 ನೌಕೆ ಮೇಲೇರಿತು. ಅದರ ಏಳು ಉಪಕರಣಗಳಲ್ಲಿ ದೊಡ್ಡದಾದ ಕರೋನಾಗ್ರಾಫನ್ನು ನಿರ್ಮಿಸಿದುದು ಕೋರಮಂಗಲದ ಅದೇ ಸಂಸ್ಥೆ, ಹೊಸಕೋಟೆಯಲ್ಲಿರುವ ತನ್ನ ಆವರಣದಲ್ಲಿ. ತೂಕ ಸುಮಾರು 190 ಕಿಲೋಗ್ರಾಂ. ಅದರ ಹೂಟ ಸೊಗಸಾದುದು. ಒಳಗಿನ ಒಂದು ಕನ್ನಡಿಯ ನಡುವೆ ರಂಧ್ರವಿದೆ. ಸೂರ್ಯಬಿಂಬದ ಕಣ್ಣುಕೋರೈಸುವ ಬೆಳಕು ನೇರವಾಗಿ ಆ ರಂಧ್ರದಲ್ಲಿ ನುಸುಳಿ ಹೊರಗೆ ಎಸೆಯಲ್ಪಡುತ್ತದೆ. ಸುತ್ತಣ ಪ್ರಭಾವಳಿಯ ಬೆಳಕು ಮಾತ್ರ ಕನ್ನಡಿಗೆ ಬಿದ್ದು ಪ್ರತಿಫಲಿಸಿ ಮುಂದುವರಿಯುತ್ತದೆ. ಜರಡಿಯಲ್ಲಿ ಬೇಡದ ನುಚ್ಚು ಕೆಳಗಿಳಿದು ಬೇಕಾದ ಕಾಳು ಮೇಲುಳಿಯುವ ಹಾಗೆ.

2024ರ ಜನವರಿ 6ರಂದು ನೌಕೆ ತನ್ನ ನೆಲೆಯನ್ನು ಸೇರಿತು. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರ, ಎಂದರೆ ಸೂರ್ಯನ ದಾರಿಯ ನೂರರಲ್ಲೊಂದು ಪಾಲು ಮಾತ್ರ. ಸೂರ್ಯನ ಸೆಳೆತವೂ ಭೂಮಿಯ ಸೆಳೆತವೂ ಸೇರಿ ನೌಕೆಯನ್ನು ಭೂಮಿಯ ಜೊತೆಜೊತೆಗೇ ಸೂರ್ಯನ ಸುತ್ತ ನಡೆಸುವ ವಿಶೇಷ ಬಿಂದುವೊಂದು ಅಲ್ಲಿದೆ. ಅದರ ಸುತ್ತ ಆದಿತ್ಯ ಪ್ರದಕ್ಷಿಣೆ ಹಾಕುತ್ತದೆ. ಅಲ್ಲಿ ಇರುಳಿಲ್ಲ, ಮೋಡವಿಲ್ಲ. ನಿಮಿಷಕ್ಕೊಂದರಂತೆ ದಿನಕ್ಕೆ 1,440 ಚಿತ್ರಗಳನ್ನು ಕಳುಹಿಸಬಲ್ಲಂತೆ ಉಪಕರಣವನ್ನು ರೂಪಿಸಲಾಗಿದೆ. ಗ್ರಹಣಕ್ಕೆ ನಾವು ಬಾಗಿಲು ಹಾಕಿಕೊಳ್ಳುವ ಈ ಊರಿನವರೇ ನಿತ್ಯ ಗ್ರಹಣವೊಂದನ್ನು ಕಟ್ಟಿ ಬಾನಿನಲ್ಲಿ ನಿಲ್ಲಿಸಿದ್ದಾರೆ.

ಇಷ್ಟೆಲ್ಲ ಏಕೆ ಎನ್ನುವಿರೇನು? ಒಲೆಯಿಂದ ದೂರ ಸರಿದಂತೆ ಬಿಸಿ ಕಡಿಮೆಯಾಗಬೇಕು. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೊರಗಿರುವ ಪ್ರಭಾವಳಿಯದು ಹತ್ತು ಲಕ್ಷ ಡಿಗ್ರಿಗೂ ಮಿಕ್ಕು! ಇದೇಕೆ ಹೀಗೆಂಬುದು ಇನ್ನೂ ಪೂರ್ಣವಾಗಿ ಬಿಡಿಸಲಾಗದ ಒಗಟು. ಆ ಪ್ರಭಾವಳಿಯಿಂದಲೇ ಆಗಾಗ ಸ್ಫೋಟಗಳೆದ್ದು ವಿದ್ಯುತ್ಕಣಗಳ ಮೋಡಗಳು ನಮ್ಮತ್ತ ಹಾಯುತ್ತವೆ. 1989ರ ಮಾರ್ಚಿಯಲ್ಲಿ ಇಂತಹ ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ತನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಕೆಡಿಸಿಹಾಕಿತು. 2024ರ ಮೇ ತಿಂಗಳಿನಲ್ಲಿ ಬಂದ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಇರುಳಾಕಾಶ ಕೆಂಪೇರಿತ್ತು.

ಮೆಟ್ಟಿಲ ಬಳಿ ಬಿಟ್ಟುಬಂದವರನ್ನು ಮರೆತಿಲ್ಲ. ನಮ್ಮ ಕಥೆಯನ್ನು ಕೇಳಿ ಅಜ್ಜಿಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಚಂದ್ರಗ್ರಹಣಕ್ಕೆ ಕಣ್ಣಿಗೇನೂ ಆಗೋದಿಲ್ಲವೆ?" ಎಂದು ಕೇಳಿದರು. ಏನೂ ಆಗದು, ಬರಿಗಣ್ಣಿನಿಂದಲೇ ನೋಡಬಹುದು ಎಂದೆವು. ಹುಡುಗಿ ಅಷ್ಟರಲ್ಲಾಗಲೆ ಮೇಲಿದ್ದಳು. ಹನ್ನೊಂದು ಗಂಟೆಯ ಮೇಲೆ ಮೋಡಗಳ ಎಡೆಯಲ್ಲಿ ಚಂದ್ರ ಹಳೆಯ ತಾಮ್ರದ ತಂಬಿಗೆಯ ಬಣ್ಣದಲ್ಲಿ ತೋರಿದ. ನೆರಳಿನಲ್ಲಿದ್ದ ಮೇಲೆ ಕಪ್ಪಾಗದೆ ಕೆಂಪಾದುದೇಕೆ ಎಂದು ಅವಳು ಕೇಳಿದಳು. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ಹಾಯುವ ಬೆಳಕಿನಲ್ಲಿ ಕೆಂಪು ಮಾತ್ರ ಉಳಿದು ಚಂದ್ರನನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಭೂಮಂಡಲದ ಸೂರ್ಯೋದಯ, ಸೂರ್ಯಾಸ್ತಗಳೆಲ್ಲವೂ ಕೂಡಿ ಚಂದ್ರನ ಮೇಲೆ ಬಿದ್ದಿರುತ್ತವೆ ಎಂದೆವು. ಅವಳು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಬೆಂಗಳೂರಿಗೆ ಕಾಣುವ ಮುಂದಿನ ಸೂರ್ಯಗ್ರಹಣ 2027ರ ಆಗಸ್ಟ್ 2ರಂದು, ಸೋಮವಾರ ಸಂಜೆ. ಅಂದು ಭೀಮನ ಅಮಾವಾಸ್ಯೆ, ಮರುದಿನದಿಂದ ಶ್ರಾವಣ. ಈಜಿಪ್ಟಿನಲ್ಲಿ ಅದು ಸಂಪೂರ್ಣ ಗ್ರಹಣ, ನಮಗೆ ಪಾರ್ಶ್ವಗ್ರಹಣ. ಇಲ್ಲಿ ಎಚ್ಚರಿಕೆ ಬೇಕು. ದನಗಾಹಿ ಮುದುಕ ಕಂಡುದು ಬಿಂಬ ಪೂರ್ತಿ ಮುಚ್ಚಿದ್ದಾಗ. ಒಂದು ಕೂದಲೆಳೆಯಷ್ಟು ಬಿಂಬ ಉಳಿದಿದ್ದರೂ ಬರಿಗಣ್ಣಿನಿಂದ ನೋಡಕೂಡದು. ನೋವೇ ತಿಳಿಯದಂತೆ ಕಣ್ಣಿನ ಒಳಪರದೆ ಸುಟ್ಟುಹೋಗುತ್ತದೆ. ಹಳೆಯ ಎಕ್ಸ್‌ರೇ ಹಾಳೆ, ತಂಪು ಕನ್ನಡಕ, ಅರಿಸಿನ ನೀರಿನ ಬೋಗುಣಿ, ಇವು ಯಾವುವೂ ಸಲ್ಲವು. ಗ್ರಹಣಕ್ಕೆಂದೇ ಪ್ರಮಾಣೀಕರಿಸಿದ ಕನ್ನಡಕ ಬೇಕು. ಇಲ್ಲವಾದರೆ ರಟ್ಟಿನಲ್ಲಿ ಗುಂಡುಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು, ಆ ತೂತಿನಿಂದ ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಿರಿ. ಹೊಂಗೆಯ ಮರವಿದ್ದರೆ ಅದೂ ಬೇಡ.

ಈ ವಿಷಯವನ್ನು ಕೆಳಗಿಳಿದು ಬಂದ ಮೇಲೆ ಅಜ್ಜಿಯವರಿಗೂ ಹೇಳಿದೆವು. ಅವರು ಕೊಡದ ಮೇಲಿನ ದರ್ಭೆಯನ್ನು ತೆಗೆದಿರಲಿಲ್ಲ. ತೆಗೆಯಿರೆಂದು ನಾವೂ ಹೇಳಲಿಲ್ಲ. "ಎರಡು ವರ್ಷ ಇದೆಯಲ್ಲ. ಬದುಕಿದ್ದರೆ ನಾನೂ ಹತ್ತುತ್ತೇನೆ. ಮಂಡಿ ನೋವು, ಯಾರಾದರೂ ಕೈ ಹಿಡಿಯಬೇಕು" ಎಂದರು.